ಉಡಕಿಗೊಂದು ಸ್ವಂತ ವಾಕ್ಯ

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ನಮ್ಮ ವಠಾರವನ್ನು ನಾನು ಹೆಚ್ಚು ವರ್ಣಿಸಬೇಕಿಲ್ಲ. ಎದುರುಬದುರು ನಾಲ್ಕು ನಾಲ್ಕು ಮನೆ, ನಡುವೆ ಒಂದೇ ನಲ್ಲಿ, ನಲ್ಲಿಯ ಮಗ್ಗುಲಿಗೆ ಬಟ್ಟೆ ಒಗೆಯುವ ಕಲ್ಲು. ಕೊನೆಯ ಮನೆಯ ಹೆಂಗಸರು ಹಗಲೆಲ್ಲ ಊದುಬತ್ತಿ ಹೊಸೆಯುತ್ತಿದ್ದರು. ಸಾಯಂಕಾಲ ನಾವು ಕುಂಟೆಬಿಲ್ಲೆ ಆಡಿ ಎದ್ದರೆ ಲಂಗಕ್ಕೆಲ್ಲ ಆ ವಾಸನೆ ಹತ್ತಿಕೊಂಡಿರುತ್ತಿತ್ತು. 'ಬಂದ್ರಪ್ಪ ದೇವಸ್ಥಾನದೋರು' ಅಂತ ಶಾಲೆಯಲ್ಲಿ ಹುಡುಗಿಯರು ಛೇಡಿಸುತ್ತಿದ್ದರು.

ನಮ್ಮದು ಹಾವೇರಿ ಕಡೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಾನು ಹುಟ್ಟುವುದಕ್ಕೆ ಮುಂಚೆಯೇ ವರ್ಗ ಮಾಡಿಸಿಕೊಂಡು ಬೆಂಗಳೂರಿಗೆ ಬಂದವನು. ಹಾಗಾಗಿ ನನ್ನ ಬಾಯಲ್ಲಿ ಎರಡು ಕನ್ನಡ ಇದ್ದವು. ಹೊಸಿಲೊಳಗೆ 'ಏನ್ ಮಾಡಾಕತ್ತಿ', ಹೊಸಿಲು ದಾಟಿದರೆ 'ಏನ್ ಮಾಡ್ತಾ ಇದೀಯ'. ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಬಾಯಿ ತಪ್ಪಿ 'ಮಿಸ್, ನೀರಡಿಕಿ ಆಗೇತ್ರಿ' ಎಂದುಬಿಟ್ಟಿದ್ದಕ್ಕೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಅವತ್ತಿನಿಂದ ನಾನು ಹುಷಾರು. ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಎರಡು ಕನ್ನಡದ ನಡುವೆ ಎಲ್ಲೂ ಎಡವುವುದಿಲ್ಲ ಅಂತ ನನಗೆ ಭಾರೀ ಜಂಬ ಬಂದಿತ್ತು.

ಆ ವರ್ಷ ಸಂಕ್ರಾಂತಿ ಕಳೆದು ಇನ್ನೂ ಚಳಿ ಇದ್ದ ದಿನಗಳಲ್ಲಿ ನಮ್ಮ ಅಕ್ಕನಿಗೆ ಒಂದು ಸಂಬಂಧ ಬಂತು. ಅಕ್ಕ ಎಂದರೆ ಶಾರದಾ, ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಸಂಬಂಧ ತಂದವರು ನಮ್ಮ ಕನ್ನಡ ಮಿಸ್ ಸರೋಜಮ್ಮ. ನನ್ನನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಬರುತ್ತಿದ್ದ ಅಕ್ಕನನ್ನು ಗೇಟಿನ ಹತ್ತಿರ ನೋಡಿ ನೋಡಿ ಮೆಚ್ಚಿಕೊಂಡಿದ್ದರಂತೆ. ಹುಡುಗ ಅವರ ಅಕ್ಕ ಗೌರಮ್ಮನವರ ಒಬ್ಬನೇ ಮಗ ಚಂದ್ರಶೇಖರ. ತುಮಕೂರು ಕಡೆಯವರು, ನಮ್ಮ ಜನವೇ. ವಿಜಯನಗರದಲ್ಲಿ ಮನೆ, ಫ್ಯಾಕ್ಟರಿಯಲ್ಲಿ ಕೆಲಸ. ನೋಡಲು ಬಂದಾಗ ಅವನು ಅಕ್ಕನನ್ನು ಹಾಡು ಹೇಳು ಅನ್ನಲಿಲ್ಲ, ಅಡುಗೆ ಬರುತ್ತಾ ಅನ್ನಲಿಲ್ಲ. 'ಸೈಕಲ್ ಬರುತ್ತಾ?' ಎಂದು ಕೇಳಿದ. ಅಕ್ಕ 'ಬರುತ್ತೆ' ಅಂದಳು. 'ನನಗೆ ಬರಲ್ಲ' ಎಂದು ನಕ್ಕುಬಿಟ್ಟ. ಅವರು ಹೋದ ಮೇಲೆ ಅಕ್ಕ ಎರಡು ದಿನ ಕಾಫಿಗೆ ಉಪ್ಪು ಹಾಕಿದಳು ಎಂದರೆ ನೀವೇ ತಿಳಿದುಕೊಳ್ಳಿ. ಮುಂದಿನ ಭಾನುವಾರ ಮಾತುಕತೆಗೆ ಬರುವುದಾಗಿ ಗೌರಮ್ಮನವರು ಹೇಳಿ ಕಳಿಸಿದರು. ಊರಿನಿಂದ ಆಯಿ, ಅಂದರೆ ಅಪ್ಪನ ತಾಯಿ, ಅದಕ್ಕಾಗಿಯೇ ಬಂದಿಳಿದಳು.

ಅದೇ ವಾರದ ಸೋಮವಾರ ಸರೋಜಮ್ಮ ಮಿಸ್ ಕ್ಲಾಸಿನಲ್ಲಿ ಸಮಾನಾರ್ಥಕ ಪದ ಹೇಳಿಕೊಟ್ಟರು. ತಮ್ಮ ಮನೆಯಲ್ಲೂ ಗೌರಮ್ಮನವರ ಮನೆಯಲ್ಲೂ ಅದೇ ಮಾತು ಓಡಾಡುತ್ತಿದ್ದುದರಿಂದಲೋ ಏನೋ, ಉದಾಹರಣೆಗೆ ಮದುವೆಯನ್ನೇ ಹಿಡಿದರು.

'ಪಾಣಿ ಅಂದ್ರೆ ಕೈ. ಕೈ ಹಿಡಿಯೋದು ಪಾಣಿಗ್ರಹಣ. ವಿವಾಹ ಅಂದ್ರೆ ಹೊತ್ಕೊಂಡು ಹೋಗೋದು. ಒಂದೊಂದು ಪದದ ಹೊಟ್ಟೇಲೂ ಒಂದೊಂದು ಕತೆ ಇರುತ್ತೆ ಕಣ್ರೋ. ನಾಳೆ ಎಲ್ಲರೂ ಮನೇಲಿ ಅಜ್ಜೀನ ಕೇಳಿ ಮದುವೆಗೆ ಇರೋ ಹಳೇ ಪದ ಬರ್ಕೊಂಡು ಬನ್ನಿ. ಪದ, ಅರ್ಥ, ಸ್ವಂತ ವಾಕ್ಯ. ಯಾರೂ ಕೇಳಿರದ ಪದ ತಂದೋರಿಗೆ ಒಂದು ಪೆನ್ಸಿಲ್.'

ಆಯಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ನಾನು ನೋಟ್‌ಬುಕ್ ಹಿಡಿದು ಎದುರಿಗೆ ಕೂತೆ. 'ಲಗ್ನ' ಅಂದಳು. ಅದು ಎಲ್ಲರಿಗೂ ಗೊತ್ತು, ಬೇರೆ ಹೇಳು ಅಂದೆ. 'ಮದುವಿ' ಅಂದಳು. ಅಯ್ಯೋ ಆಯಿ, ಯಾರಿಗೂ ಗೊತ್ತಿರಬಾರದು ಅಂಥದ್ದು ಬೇಕು ಎಂದು ಗೋಗರೆದೆ. ಆಯಿ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ಯೋಚಿಸಿದಳು.

'ಉಡಕಿ ಅಂತ ಬರಿ.'

'ಹಂಗಂದ್ರ?'

'ಉಡಸೂದು. ಸೀರಿ ಉಡಸೂದು. ಅದಕ್ಕ ಉಡಕಿ ಅಂತಾರ.'

'ಯಾರಿಗೆ ಉಡಸ್ತಾರ?'

'ನಿಮ್ಮಪ್ಪ ನಿಮ್ಮವ್ವಗ ಉಡಿಸಿದ್ದಿಲ್ಲಾ? ಅದು ಉಡಕಿ' ಎಂದವಳು ತಟ್ಟನೆ ನಿಲ್ಲಿಸಿ, ಅಡುಗೆಮನೆಯ ಕಡೆ ನೋಡಿ, 'ಸಾಕು, ಏಳು, ಸಿಪ್ಪಿ ಚೆಲ್ಲಿ ಬಾ' ಎಂದು ನನ್ನನ್ನು ಎಬ್ಬಿಸಿದಳು.

ನನಗೆ ಆ ಪದ ಬಹಳ ಹಿಡಿಸಿತು. ಅಪ್ಪ ಅವ್ವನಿಗೆ ಸೀರೆ ಉಡಿಸುವುದು! ಎಷ್ಟು ಚೆಂದ ಅಂದುಕೊಂಡೆ. ದುಂಡಗೆ ಬರೆದೆ. ಪದ: ಉಡಕಿ. ಅರ್ಥ: ಸೀರೆ ಉಡಿಸುವುದು. ಸ್ವಂತ ವಾಕ್ಯ: ನಮ್ಮ ಅವ್ವನದು ಉಡಕಿ. ಮಂಗಳವಾರ ಬೆಳಿಗ್ಗೆ ನೋಟ್‌ಬುಕ್ ಒಪ್ಪಿಸಿದೆ. ಮಿಸ್ ಎಲ್ಲರ ನೋಟ್‌ಬುಕ್ಕನ್ನೂ ಚೀಲಕ್ಕೆ ತುಂಬಿಕೊಂಡು ತಿದ್ದಲು ಮನೆಗೆ ಒಯ್ದರು.

ಅವತ್ತು ಸಾಯಂಕಾಲ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಬಿಸಿ ರೊಟ್ಟಿಗೆ ಬೆಣ್ಣೆ ಸವರಿಕೊಳ್ಳುತ್ತ ನಾನು ಬಲು ಹೆಮ್ಮೆಯಿಂದ ಹೇಳಿದೆ, 'ಅವ್ವಾ, ಹೋಂವರ್ಕ್‌ನ್ಯಾಗ ನಿನ್ನ ಮ್ಯಾಲೆ ಒಂದು ವಾಕ್ಯ ಬರದೀನಿ.'

'ಏನಂತ?'

'ನಮ್ಮ ಅವ್ವನದು ಉಡಕಿ.'

ಅವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆಯೆದ್ದರೂ ಅವಳು ತೆಗೆಯಲಿಲ್ಲ. ಮರುಕ್ಷಣ ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆಗೆ ಬಿತ್ತು. ಅವ್ವ ನನ್ನನ್ನು ಹೊಡೆದದ್ದು ಅದೇ ಮೊದಲು. ಹೊಡೆದವಳೇ ಅಳುತ್ತಿದ್ದಳು.

ಅಪ್ಪ ಕಚೇರಿಯಿಂದ ಬಂದ. ಆಯಿ ತಲೆಗೆ ಕೈಹೊತ್ತು ಮೂಲೆಯಲ್ಲಿ ಕೂತಿದ್ದಳು. 'ನನ್ನ ನಾಲಿಗಿ ಸೀದು ಹೋಗ್ಲಿ' ಎಂದು ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ವಿಷಯ ಕೇಳಿ ಅಪ್ಪ ಶೂ ಬಿಚ್ಚುವುದನ್ನೂ ಮರೆತು ಕುರ್ಚಿಯ ಮೇಲೆ ಕುಸಿದ.

'ನಾಳಿಗೆ ಮುಂಜಾನೆ ಸರೋಜಮ್ಮ ಬಾಯಾರ ಮನಿಗೆ ಹೋಗಿ ನೋಟ್‌ಬುಕ್ ಇಸಗೊಂಡು ಬರ್ತೀನಿ' ಅಂದ.

'ಏನಂತ ಕೇಳ್ತೀರಿ? ಹೋಗಿ ಕೇಳಿದ್ರ ಇಲ್ಲದ ಸಂಶಯ ಬರ್ತೈತಿ. ಸುಮ್ನಿರ್ರಿ' ಎಂದಳು ಅವ್ವ.

ನನಗೆ ಎಲ್ಲವನ್ನೂ ಬಿಡಿಸಿ ಹೇಳಿದವಳು ಅಕ್ಕ. ನಲ್ಲಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ ನನ್ನ ಮುಖದ ಹಿಟ್ಟು ತೊಳೆದಳು.

'ಗಂಡ ಸತ್ತಾಕಿ ಮತ್ತ ಮದುವಿ ಆದ್ರ ಅದಕ್ಕ ಲಗ್ನ ಅನ್ನಂಗಿಲ್ಲ, ಗಿರಿಜಾ. ಹಂದರ ಇಲ್ಲ, ವಾಲಗ ಇಲ್ಲ, ಅಕ್ಕಿಕಾಳು ಹಾಕೂದಿಲ್ಲ. ಹೊಸಾ ಗಂಡ ಒಂದು ಸೀರಿ ತಂದು ಉಡಿಸಿದ್ರ ಮುಗೀತು. ಅದು ಉಡಕಿ.'

'ಅವ್ವನ ಗಂಡ ಅಪ್ಪ ಅಲ್ಲೇನು? ಸತ್ತವರು ಯಾರು?'

'ನನ್ನ ಹಡದ ಅಪ್ಪ. ನನಗ ಮೂರು ವರ್ಷ ಇದ್ದಾಗ ಹಾವು ಕಚ್ಚಿ ಹ್ವಾದ. ಮುಂದ ಎರಡು ವರ್ಷಕ್ಕ ಈ ಅಪ್ಪ ಬಂದ. ಇನ್ನೂ ಮದುವಿ ಆಗದ ಹುಡುಗ, ನೌಕರಿ ಇತ್ತು, ಹತ್ತು ಮಂದಿ ಕನ್ಯಾ ಕೊಡಾಕ ತಯಾರಿದ್ರು. ಅವ್ವನ್ನ ಉಡಕಿ ಮಾಡ್ಕೊಂಡ. ಮರುದಿನ ಬಂದು ನನ್ನ ಮುಂದ ಕುಕ್ಕರಗಾಲಿಲೆ ಕುಂತು, ನನ್ನ ಜೋಡಿ ಬರ್ತೀಯೇನು ಅಂತ ಕೇಳಿದ. ಹೆಗಲ ಮ್ಯಾಲೆ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ನಡದ.'

ಊರಿನಲ್ಲಿ ಜನ ಆಡಿಕೊಳ್ಳುವುದನ್ನು ತಾಳಲಾರದೆ ಅಪ್ಪ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡಿದ್ದ. ಇಲ್ಲಿ ಯಾರಿಗೂ ಆ ಪದವೇ ಗೊತ್ತಿರಲಿಲ್ಲ. ಆದರೂ ಅವ್ವ ತಾನಾಗಿಯೇ ಆ ಕಟ್ಟನ್ನು ಬಿಡಲಿಲ್ಲ. ಉಡಕಿಯಾದವಳು ಮದುವೆಯಲ್ಲಿ ಆರತಿ ಎತ್ತಬಾರದು, ಮದುಮಕ್ಕಳಿಗೆ ಅರಿಶಿನ ಹಚ್ಚಬಾರದು. ವಠಾರದ ಮದುವೆಗಳಲ್ಲಿ ಹೆಂಗಸರು ಕರೆದಾಗಲೆಲ್ಲ ಅವ್ವ 'ಕೈ ಹಿಟ್ಟಾಗೇತ್ರಿ' ಎಂದು ಅಡುಗೆಯವರ ಜೊತೆ ಸೇರಿಕೊಳ್ಳುತ್ತಿದ್ದಳು. ನಮ್ಮ ಅವ್ವನಿಗೆ ಅಡುಗೆಯ ಹುಚ್ಚು ಅಂತ ನಾನು ಅಲ್ಲಿಯವರೆಗೂ ತಿಳಿದಿದ್ದೆ.

'ಈ ಮಾತು ಅವರಿಗೆ ಗೊತ್ತಾದ್ರ ಏನಾಗ್ತೈತಿ?' ಎಂದು ಕೇಳಿದೆ.

'ಬರೂದಿಲ್ಲ, ಬಿಡು' ಅಂದಳು ಅಕ್ಕ. 'ಹ್ವಾದ ವರ್ಷ ದಾವಣಗೆರೆ ಕಡೆಯಿಂದ ಒಂದು ಬಂದಿತ್ತಲ್ಲ, ಅವರು ಯಾಕ ಮತ್ತ ಬರಲಿಲ್ಲ ಅಂದ್ಕೊಂಡಿ?'

ಆ ನಾಲ್ಕು ದಿನ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಬುಧವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, 'ಮಿಸ್, ನನ್ನ ನೋಟ್‌ಬುಕ್ ವಾಪಸ್ ಕೊಡ್ತೀರಾ? ಒಂದು ತಪ್ಪು ಆಗಿದೆ' ಎಂದೆ. ಮಿಸ್ ಕನ್ನಡಕದ ಮೇಲಿಂದ ನೋಡಿದರು. 'ತಪ್ಪು ಹುಡುಕೋ ಕೆಲಸ ನಂದು ಕಣೇ. ಅದಕ್ಕೇ ಸಂಬಳ ಕೊಡೋದು, ಹೋಗು' ಅಂದರು. ಅವರು ಓದಿಯಾಗಿದೆಯೋ ಇಲ್ಲವೋ ಅಂತ ಮುಖದಲ್ಲಿ ಹುಡುಕಿದೆ, ಗೊತ್ತಾಗಲಿಲ್ಲ. ಗುರುವಾರ ಅವರು ಕ್ಲಾಸಿಗೆ ಬಂದವರು ನನ್ನ ಕಡೆ ನೋಡಲಿಲ್ಲ. ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಶುಕ್ರವಾರ ನೋಡಿ ನಕ್ಕರು. ಆಗಲೂ ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಮನೆಗೆ ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕುಂಟೆಬಿಲ್ಲೆಗೆ ಕರೆದರೆ ಕಾಲು ನೋವು ಅಂದೆ. ಆಯಿಯಂತೂ ಒಂದು ಪದ ಮಾತಾಡಬೇಕಾದರೂ ಅವ್ವನ ಮುಖ ನೋಡಿ ಮಾತಾಡುತ್ತಿದ್ದಳು.

ಶನಿವಾರ ನೋಟ್‌ಬುಕ್ ಬಂತು. ತೆರೆದೆ. ಉಡಕಿ ಎಂಬ ಪದದ ಸುತ್ತ ಕೆಂಪು ಇಂಕಿನಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ 'ಉಡುಗೆ' ಎಂದು ತಿದ್ದಿದ್ದರು. ಕೆಳಗೆ ನನ್ನ ಸ್ವಂತ ವಾಕ್ಯಕ್ಕೆ ಅಡ್ಡಗೀಟು ಹಾಕಿ 'ನಮ್ಮ ಅವ್ವನ ಉಡುಗೆ ಚೆನ್ನಾಗಿದೆ' ಎಂದು ಬರೆದಿದ್ದರು. 'ಕಾಗುಣಿತ ಗಮನಿಸು' ಎಂದೊಂದು ಸೂಚನೆ. ಹತ್ತಕ್ಕೆ ಆರು.

ಅಪ್ಪ ಅದನ್ನು ಮೂರು ಸಲ ಓದಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ನಾಲ್ಕು ದಿನದ ಹೆದರಿಕೆಯೆಲ್ಲ ಕಣ್ಣೀರಾಗಿ ಇಳಿಯಿತು. ಅಕ್ಕನೂ ನಕ್ಕಳು, ಆಯಿ ಎಲ್ಲ ದೇವರಿಗೂ ಕೈ ಮುಗಿದಳು. ಅವ್ವ ಮಾತ್ರ ನೋಟ್‌ಬುಕ್ ಇಸಿದುಕೊಂಡು ಆ ಕೆಂಪು ಅಕ್ಷರಗಳನ್ನು ನೋಡುತ್ತ ಕೂತಳು. ಅವಳಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ.

'ಏನು ಬರದಾರ ಇಲ್ಲಿ?' ಎಂದು ನನ್ನನ್ನು ಕೇಳಿದಳು. ಓದಿ ಹೇಳಿದೆ.

'ಉಡುಗಿ ಛಲೋ ಐತಂತ?' ಎಂದಳು ಅವ್ವ. ಎದ್ದು ಬೆಲ್ಲ ಕುಟ್ಟಲು ಹೋದಳು.

ಭಾನುವಾರ ಹತ್ತು ಗಂಟೆಗೆ ಬಂದರು. ಗೌರಮ್ಮ, ಸರೋಜಮ್ಮ ಮಿಸ್, ಹುಡುಗ. ಗೌರಮ್ಮನವರ ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು. ಬರಿ ಹಣೆ, ಬರಿ ಕೊರಳು, ಮಾತು ಮಾತ್ರ ಗಂಡಸಿನ ಹಾಗೆ ಗಟ್ಟಿ. ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. 'ಇದೇನಮ್ಮ, ಕಡಲೆಕಾಯಿ ಒಬ್ಬಟ್ಟಾ? ನಾವು ಕಂಡೇ ಇಲ್ಲ' ಎನ್ನುತ್ತ ಗೌರಮ್ಮ ಎರಡು ತಿಂದರು. ನನಗೆ ಉಸಿರು ಸಲೀಸಾಯಿತು. ಬೇಸಿಗೆ ರಜೆಯಲ್ಲಿ ಮುಹೂರ್ತ ಇಡಿಸೋಣ ಎನ್ನುವಲ್ಲಿಯವರೆಗೆ ಮಾತು ಬಂತು.

ಆಗ ಮಿಸ್ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

'ಅಂದ ಹಾಗೆ ಗಿರಿಜಾ, ಆ ಪದ ತಿದ್ದಿ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ನನಗೇ ಅನುಮಾನ ಬಂತು. ಉಡುಗೆ ಅಂದ್ರೆ ಬಟ್ಟೆ. ಮದುವೆ ಪಟ್ಟೀಲಿ ಅದನ್ಯಾಕೆ ಬರೆದೆ ನೀನು? ಡಿಕ್ಷನರೀಲೂ ನೋಡಿದೆ, ಸಿಗಲಿಲ್ಲ. ಉಡಕಿ ಅಂತ ನಿಮ್ಮ ಕಡೆ ಏನಾದ್ರೂ ಪದ ಇದೆಯಾ ಸಾರ್?'

ಕೊನೆಯ ಪ್ರಶ್ನೆ ಅಪ್ಪನಿಗೆ. ಅವರು ಕೇಳಿದ್ದರಲ್ಲಿ ಏನೂ ಕೊಂಕಿರಲಿಲ್ಲ. ಪದ ಎಂದರೆ ಪ್ರಾಣ ಬಿಡುವ ಮೇಷ್ಟ್ರು ಅವರು, ಅಷ್ಟೆ. ಅಪ್ಪನ ಹಣೆಯಲ್ಲಿ ಬೆವರು ಮೂಡಿದ್ದು ನನಗೆ ಕಾಣಿಸಿತು.

'ಇಲ್ರಿ, ಇಲ್ರಿ. ಉಡುಗೀನ ಅದು. ಹುಡುಗಿ ಏನೋ ಕೇಳಿ ಏನೋ ಬರದಾಳ.'

'ಹೌದೇನೇ?' ಮಿಸ್ ನನ್ನನ್ನು ಕೇಳಿದರು.

ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. 'ಹೌದು ಮಿಸ್. ಉಡುಗೆ. ತಪ್ಪಾಯ್ತು' ಅಂದೆ. ಅಷ್ಟರಲ್ಲಿ ಮುಗಿಯಬೇಕಿತ್ತು.

ಕಾಫಿ ತಂದಿದ್ದ ಅಕ್ಕ ತಟ್ಟೆಯನ್ನು ಸ್ಟೂಲಿನ ಮೇಲೆ ಇಟ್ಟಳು.

'ಉಡುಗೆ ಅಲ್ಲ ಮಿಸ್. ಉಡಕಿ. ಅವಳು ಸರಿಯಾಗೇ ಬರ್ದಿದಾಳೆ.'

'ಶಾರದಾ!' ಎಂದ ಅಪ್ಪ.

'ಇರ್ಲಿ ಅಪ್ಪಾ. ಇವತ್ತು ಮುಚ್ಚಿಟ್ಟು ನಾಳೆ ಗೊತ್ತಾದ್ರೆ ದಿನಾ ಕೇಳ್ಬೇಕಾದೋಳು ನಾನು.' ಆಮೇಲೆ ಗೌರಮ್ಮನವರ ಕಡೆ ತಿರುಗಿ, ಅಳದೆ, ನಿಧಾನವಾಗಿ ಹೇಳಿದಳು. 'ನನ್ನ ಹೆತ್ತ ತಂದೆ ಇವರಲ್ಲ. ಅವರು ಹೋಗಿ ಹದಿನಾರು ವರ್ಷ ಆಯ್ತು. ಇವರು ನಮ್ಮ ಅವ್ವನಿಗೆ ಸೀರೆ ಉಡಿಸಿ ಮದುವೆ ಆದ್ರು. ಅದನ್ನ ನಮ್ಮ ಕಡೆ ಉಡಕಿ ಅಂತಾರೆ. ನನ್ನನ್ನ ಸಾಕಿ ಓದಿಸಿದ್ದು ಇವರೇ. ಇಷ್ಟೇ ವಿಷಯ. ಇದರ ಮೇಲೆ ನಿಮ್ಮಿಷ್ಟ.'

ಹೊರಗೆ ಯಾರೋ ನಲ್ಲಿಗೆ ಬಿಂದಿಗೆ ಇಟ್ಟ ಸದ್ದು ಕೇಳಿಸಿತು. ಮಿಸ್ ಬಾಯಿಗೆ ಸೆರಗು ಒತ್ತಿಕೊಂಡರು. ಕೇಳಬಾರದ್ದನ್ನು ಕೇಳಿದೆ ಎಂದು ಅವರಿಗೆ ಆಗ ಹೊಳೆದಿರಬೇಕು. ಹುಡುಗ ಮಾತ್ರ, 'ಅಮ್ಮಾ, ನನಗೇನೂ ಇದರಿಂದ' ಎಂದು ಶುರು ಮಾಡಿದ. ಗೌರಮ್ಮ ಕೈ ಎತ್ತಿ ಅವನನ್ನು ತಡೆದರು.

'ನಮ್ಮ ಕಡೆ ಇದನ್ನ ಕೂಡಿಕೆ ಅಂತೀವಿ' ಎಂದರು. 'ನಡೀದೇ ಇರೋದೇನಲ್ಲ. ಮಗೂನ ಕಟ್ಕೊಂಡ ಹೆಂಗಸಿಗೆ ಬಾಳು ಕೊಟ್ಟಿದೀರ ಸಾರ್, ನಿಮಗೆ ಕೈ ಮುಗೀಬೇಕು. ಹುಡುಗೀನೂ ಬಚ್ಚಿಡಲಿಲ್ಲ. ನಾನು ಸಂಬಂಧ ಬೇಡ ಅನ್ನಲ್ಲ.' ಅವ್ವನ ಕಡೆ ನೋಡಿ ಮುಂದುವರಿಸಿದರು. 'ಆದ್ರೆ ನಮ್ಮೋರು ಊರಿಂದ ಒಂದು ಲಾರಿ ಜನ ಬರ್ತಾರೆ. ಧಾರೆ ಎರೆಯೋಕೆ ನೀವಿಬ್ರು ಕೂತ್ಕೋಬೇಡಿ. ಹುಡುಗಿ ಚಿಕ್ಕಪ್ಪ ಚಿಕ್ಕಮ್ಮ ಕೂತ್ಕೊಳ್ಳಲಿ. ಹುಡುಗಿ ತಾಯಿ ಮಂಟಪದ ಹತ್ರ ಬರೋದು ಬೇಡ. ತಪ್ಪು ತಿಳೀಬೇಡಿ. ನಂಗೂ ಅದೇ ಕಟ್ಟು. ನನ್ನ ಒಬ್ನೇ ಮಗನ ಮದುವೇಲಿ ನಾನೂ ಮುಂದೆ ನಿಲ್ಲೋ ಹಾಗಿಲ್ಲ.'

ಈಗ ನೆನೆಸಿಕೊಂಡರೂ ನನ್ನ ಮೈ ಉರಿಯುತ್ತದೆ. ಉಡದೆ ಉಳಿದದ್ದಕ್ಕೆ ಆ ತಾಯಿ ಹೊರಗೆ, ಉಟ್ಟಿದ್ದಕ್ಕೆ ಈ ತಾಯಿ ಹೊರಗೆ. ಇಬ್ಬರೂ ಅದನ್ನು ಗೆರೆ ದಾಟದ ಮಕ್ಕಳ ಹಾಗೆ ಒಪ್ಪಿಕೊಂಡು ಕೂತಿದ್ದರು. ಆ ದಿನ ಇದೆಲ್ಲ ನನಗೆ ತಿಳಿಯಲಿಲ್ಲ. ಅವ್ವನನ್ನು ಮದುವೆಗೆ ಬರಬೇಡ ಅನ್ನುತ್ತಿದ್ದಾರೆ ಎನ್ನುವುದಷ್ಟೇ ತಿಳಿಯಿತು.

ಅಪ್ಪ ಎದ್ದು ನಿಂತ. ಅವನು ಯಾರೆದುರಿಗೂ ದನಿ ಎತ್ತಿದವನಲ್ಲ. 'ಹಂಗಾದ್ರ ಬ್ಯಾಡ್ರೀ' ಅಂದ. 'ಆಕೀನ್ನ ಒಳಗ ಕುಂದ್ರಿಸಿ ನಾ ಮಗಳ ಲಗ್ನ ಮಾಡೂದಿಲ್ಲ. ಈ ಸಂಬಂಧ ಇಲ್ಲಿಗೇ ಬಿಡ್ರಿ.'

'ನೀವು ಸುಮ್ನ ಕುಂದರ್ರಿ.'

ಅವ್ವ ಬಾಗಿಲು ಬಿಟ್ಟು ಪಡಸಾಲೆಗೆ ಬಂದಿದ್ದಳು. ಹೊರಗಿನವರ ಎದುರಿಗೆ ಅವಳು ಅಪ್ಪನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಗೌರಮ್ಮನವರ ಮುಂದೆ ನಿಂತು ಸೆರಗು ಸರಿಮಾಡಿಕೊಂಡಳು.

'ನಾ ಉಗ್ರಾಣ ನೋಡ್ಕೋತೀನ್ರೀ. ನನಗ ಅಲ್ಲೇ ರೂಢಿ. ನಮ್ಮ ಮೈದುನ, ನೆಗೆಣ್ಣಿ ಬರ್ತಾರ, ಅವರು ಕುಂದರ್ತಾರ. ನೀವು ಮುಹೂರ್ತ ಇಡಸ್ರಿ.'

ಅವರು ಹೋದ ಮೇಲೆ ಅಕ್ಕ ಅವ್ವನ ಕಾಲ ಹತ್ತಿರ ಕೂತು ಗೋಳೋ ಎಂದು ಅತ್ತಳು. 'ನೀ ಇನ್ನ ಎಲ್ಲೂ ಅಡಗಬಾರದು ಅಂತ ನಾ ಬಾಯಿ ಬಿಟ್ಟೆ ಅವ್ವಾ. ನೀ ನೋಡಿದ್ರ ಉಗ್ರಾಣಕ್ಕ ಹೊಂಟಿ. ನನಗ ಈ ಲಗ್ನ ಬ್ಯಾಡ.'

'ಬಾಯಿ ಮುಚ್ಚು' ಎಂದಳು ಅವ್ವ. 'ಸೈಕಲ್ ಬರ್ತೈತೇನು ಅಂತ ಕೇಳಿದ ಹುಡುಗ ಮತ್ತೊಬ್ಬ ಸಿಗ್ತಾನೇನು ನಿನಗ?' ಅಕ್ಕ ಅಳುವಿನ ನಡುವೆಯೇ ನಕ್ಕುಬಿಟ್ಟಳು. ಆ ಮಾತಿನಿಂದ ಮದುವೆ ಗಟ್ಟಿಯಾಯಿತು.

ಬೇಸಿಗೆ ರಜೆ ಬಂತು. ನಮ್ಮ ಮನೆಗೆ ಹತ್ತಿರದ ಒಂದು ಛತ್ರದಲ್ಲಿ ಮದುವೆ. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಅವ್ವ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು, ಕಡುಹಸಿರು, ಅಪ್ಪನೇ ಆರಿಸಿ ತಂದದ್ದು. ತುಪ್ಪ, ಏಲಕ್ಕಿ, ಬಾಳೆಎಲೆಯ ವಾಸನೆಯಿಂದ ಉಸಿರು ಕಟ್ಟುವಂತಿತ್ತು. ಅಡುಗೆಯವರು ಸಕ್ಕರೆ ಕೊಡಿ, ಗೋಡಂಬಿ ಕೊಡಿ ಎಂದು ಬಂದಾಗ ಅಳೆದು ಕೊಡುತ್ತಿದ್ದಳು. ಅವಳ ಕಿವಿಯೆಲ್ಲ ವಾಲಗದ ಕಡೆಗಿತ್ತು.

'ಗಿರಿಜಾ, ಏನು ನಡದೈತಿ ನೋಡಿ ಬಾ.'

ನಾನು ಓಡಿದೆ. ಬಂದು ಹೇಳಿದೆ. ಗಂಡು ಮಂಟಪಕ್ಕೆ ಬಂದ ಅವ್ವಾ. ಮತ್ತೆ ಓಡಿದೆ. ಅಕ್ಕನ್ನ ಕರಕೊಂಡು ಬಂದ್ರು. ಎಂಥಾ ಸೀರಿ ಉಡಿಸ್ಯಾರ? ಕೆಂಪು, ಅವ್ವಾ. ನೆರಿಗಿ ಸರಿ ಹಿಡದಾರೇನು? ಹಿಡದಾರ. ನಿಮ್ಮಪ್ಪ ಎಲ್ಲಿ ಅದಾರ? ಬಾಗಿಲಾಗ ನಿಂತಾನ, ಯಾರ ಜೋಡಿನೂ ಮಾತಾಡವಲ್ಲ. ಹೀಗೆ ಎಷ್ಟು ಸಲ ಓಡಿದೆನೋ ಲೆಕ್ಕವಿಲ್ಲ. ಪ್ರತಿ ಸಲ ಅವ್ವ ಇನ್ನಷ್ಟು ಮುಂದಕ್ಕೆ ಬಾಗಿ ಕೇಳುತ್ತಿದ್ದಳು.

ಗಟ್ಟಿಮೇಳ ಶುರುವಾದಾಗ ನನಗೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ಕಬ್ಬಿಣದ ಕುರ್ಚಿಯ ಮೇಲೆ ಹತ್ತಿ ನಿಂತೆ. ಹಿಂದಿನ ಕಂಬದ ಮರೆಯಲ್ಲಿ ಗೌರಮ್ಮನವರೂ ತುದಿಗಾಲ ಮೇಲೆ ನಿಂತು ಇಣುಕುತ್ತಿದ್ದರು. ಚಿಕ್ಕಪ್ಪ, ಚಿಕ್ಕಮ್ಮ ಧಾರೆಯ ನೀರು ಬಿಟ್ಟರು. ಅಕ್ಕನ ಮುಖ ಆಗ ಕಾಣಿಸಿತು. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮದುವಣಗಿತ್ತಿಯರು ಅಳುವ ಹಾಗಲ್ಲ. ಬಾಸಿಂಗ ಒಂದು ಕಡೆಗೆ ವಾಲಿತ್ತು, ಮೂಗು ಸೋರುತ್ತಿತ್ತು, ಕತ್ತನ್ನು ಅಡುಗೆಮನೆಯ ಕಡೆ ಚಾಚಿ ಚಾಚಿ ಹುಡುಕುತ್ತಿದ್ದಳು. ಅವಳ ಗಂಡ ಏನೋ ಸಮಾಧಾನ ಹೇಳುತ್ತಿದ್ದ. ಅವಳಿಗೆ ಕೇಳಿಸುತ್ತಿರಲಿಲ್ಲ. ಒಂದು ಸಲ 'ಅವ್ವಾ' ಎಂದಳು. ವಾಲಗದಲ್ಲಿ ದನಿ ಮುಳುಗಿತು, ತುಟಿ ಅಲುಗಿದ್ದು ನಾನು ಕಂಡೆ.

ಉಗ್ರಾಣಕ್ಕೆ ಓಡಿದೆ. ಅವ್ವ ಎದ್ದು ನಿಂತು ವಾಲಗದ ಕಡೆಗೆ ಎರಡೂ ಕೈ ಮುಗಿದಿದ್ದಳು.

'ಆತೇನು?'

'ಆತು ಅವ್ವಾ. ನೀರು ಬಿಟ್ರು.'

'ಶಾರದಾ ಹೆಂಗ ಅದಾಳ?'

ಹತ್ತು ವರ್ಷದ ನಾನು ಆಗ ಬಹಳ ಬುದ್ಧಿವಂತಳಾದೆ. ಬರೆದು ಒಮ್ಮೆ ಅವ್ವನನ್ನು ಅಳಿಸಿದ್ದೆ, ಇನ್ನೊಮ್ಮೆ ಅಳಿಸಬಾರದು ಅಂದುಕೊಂಡೆ.

'ನಗಾಕತ್ತಾಳ ಅವ್ವಾ.'

'ಅಳಲಿಲ್ಲಾ?'

'ಇಲ್ಲ.'

'ಒಂದೀಟೂ ಅಳಲಿಲ್ಲಾ? ಯಾರನ್ನೂ ಹುಡುಕಲಿಲ್ಲಾ?'

'ಇಲ್ಲವ್ವಾ. ನಕ್ಕೋತ ಕುಂತಾಳ.'

ಅವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮುಗಿದ ಕೈ ಇಳಿಸಿದಳು. 'ಛಲೋ ಆತು ಬಿಡು' ಎಂದಳು. ಅಷ್ಟರಲ್ಲಿ ಅಡುಗೆಯವನು ಬಂದು ತುಪ್ಪ ಕೇಳಿದ. ಅವ್ವ ಡಬ್ಬದ ಮುಚ್ಚಳ ತೆಗೆಯಲು ತಿರುಗಿ ನಿಂತವಳು ಬಹಳ ಹೊತ್ತು ಈ ಕಡೆ ತಿರುಗಲೇ ಇಲ್ಲ.

ಅಕ್ಕನ ಸಂಸಾರ ಚೆನ್ನಾಗಿ ನಡೆಯಿತು. ಗೌರಮ್ಮ ಅವಳನ್ನು ಒಂದು ದಿನವೂ ಆ ಮಾತೆತ್ತಿ ಚುಚ್ಚಲಿಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅವ್ವ ಅವರ ಮನೆಗೆ ಹೋಗಿ ಬಂದು ಮಾಡುತ್ತಿದ್ದಳು, ಮೊಮ್ಮಕ್ಕಳನ್ನು ಆಡಿಸಿದಳು. ಆದರೆ ಅಕ್ಕನ ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ಅಕ್ಕನೂ ಅವ್ವನ ಎದುರಿಗೆ ಆ ದಿನದ ಮಾತು ತೆಗೆಯುತ್ತಿರಲಿಲ್ಲ, ಅವ್ವನಿಗೆ ನೋವಾದೀತು ಎಂದು. ಇಬ್ಬರ ನಡುವೆ ನಾನೊಬ್ಬಳು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿಕೊಂಡಿದ್ದೆ. ಇವತ್ತು ಹೇಳಿದರಾಯಿತು, ಮುಂದಿನ ಹಬ್ಬಕ್ಕೆ ಹೇಳಿದರಾಯಿತು ಅಂತ ಮೂವತ್ತು ವರ್ಷ ಕಳೆದೆ. ಅಪ್ಪ ಹೋದ. ಅವನ ಹಿಂದೆ ಎರಡೇ ವರ್ಷಕ್ಕೆ ಅವ್ವನೂ ಹೋದಳು.

ಈಗ ರಾಜಾಜಿನಗರದಲ್ಲಿ ಉಡಕಿ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಹಾವೇರಿಯಲ್ಲೂ ಹುಡುಗರಿಗೆ ಗೊತ್ತಿಲ್ಲ. ಹೋದ ವರ್ಷ ನಮ್ಮ ಎದುರು ಮನೆಯವರ ಮಗಳು ಎರಡನೆಯ ಮದುವೆಯಾದಳು, ಅವಳ ಮಗ ತಟ್ಟೆಯಲ್ಲಿ ಅಕ್ಷತೆ ಹಿಡಿದು ಎಲ್ಲರಿಗೂ ಹಂಚಿದ. ನೋಡಿ ಹೊಟ್ಟೆ ತಣ್ಣಗಾಯಿತು. ಆ ಪದ ಹೋದದ್ದಕ್ಕೆ ನನಗೆ ದುಃಖವಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಅದರ ಜೊತೆಗೆ ಹೋದ ಇಬ್ಬರು ಬೇಕು ಅನ್ನಿಸುತ್ತದೆ. ಹತ್ತು ಕನ್ಯೆ ಬಿಟ್ಟು ಒಂದು ಸೀರೆ ಹಿಡಿದುಕೊಂಡು ಬಂದ ಅವನು, ಅದನ್ನು ಉಟ್ಟು ಜೀವಮಾನವಿಡೀ ಅಡುಗೆಮನೆಯಲ್ಲಿ ನಿಂತ ಅವಳು.

ಅವ್ವನ ಮಣ್ಣು ಮುಗಿಸಿ ಬಂದ ಸಾಯಂಕಾಲ ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತಳು. ಆಮೇಲೆ ಕೇಳಿದಳು.

'ಗಿರಿಜಾ, ನನ್ನ ಮದುವಿ ದಿನ ನೀನ ಓಡಾಡಿ ಅವ್ವಗ ಎಲ್ಲಾ ಹೇಳ್ತಿದ್ದಿ ಅಲ್ಲಾ? ಧಾರಿ ಹೊತ್ತಿನ್ಯಾಗ ನಾ ಆಕಿ ಸಲುವಾಗಿ ಎಷ್ಟು ಅತ್ತೆ ಅಂತ ಆಕಿಗೆ ಗೊತ್ತಿತ್ತೇನು?'

'ಗೊತ್ತಿತ್ತು ಅಕ್ಕಾ' ಅಂದೆ.